ಅವ್ವ ಕಡಗ ತಿರುವಿರಲಿಲ್ಲ

ಅವ್ವನ ಮುಖವನ್ನು ನಾನು ಬಹಳ ವರ್ಷ ಪಕ್ಕದಿಂದಲೇ ನೋಡಿದವನು. ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆದವನಿಗೆ ಬೇರೆ ಜಾಗವಿಲ್ಲ. ಸೈಡ್ ವಿಂಗಿನ ಹಿಂದೆ, ಒಂದು ಸಣ್ಣ ಬಲ್ಬಿನ ಕೆಳಗೆ, ತೊಡೆಯ ಮೇಲೆ ನಾಟಕದ ಪ್ರತಿ ಹರವಿಕೊಂಡು ಕೂಡಬೇಕು. ಅಲ್ಲಿಂದ ಕಾಣುವುದು ನಟರ ಒಂದು ಕಿವಿ, ಒಂದು ಕೆನ್ನೆ, ಒಂದು ಕೈ. ಎದುರಿನ ಮುಖ ಟಿಕೆಟು ತೆಗೆಸಿದವರ ಪಾಲು.

ನಾನು ಓದಿದ್ದು ಕಡಿಮೆ. ಅಕ್ಷರ ದುಂಡಗಿದ್ದವು, ಗಂಟಲು ಹಿಡಿತದಲ್ಲಿತ್ತು, ಅಷ್ಟಕ್ಕೇ ಕಂಪನಿಯಲ್ಲಿ ಈ ಕೆಲಸ ಸಿಕ್ಕಿತು. ಮಾತು ನಟನ ಕಿವಿಗೆ ಬೀಳಬೇಕು, ಮುಂದಿನ ಸಾಲಿನ ಕುರ್ಚಿಗೆ ಬೀಳಬಾರದು. ಅದಕ್ಕೆ ಗಂಟಲು ಬಳಸಬಾರದು, ಹಲ್ಲಿನ ಸಂದಿಯಿಂದ ಗಾಳಿಯ ಜೊತೆ ಬಿಡಬೇಕು. ಯಾವಾಗ ಬಿಡಬೇಕೆಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಸನ್ನೆ. ರಾಜಾಪಾರ್ಟಿನವರು ಮಾತು ತಪ್ಪಿದರೆ ಹೆಗಲ ಶಲ್ಯ ಸರಿಮಾಡುತ್ತಿದ್ದರು. ಹಾಸ್ಯದವನು ಕೆಮ್ಮುತ್ತಿದ್ದ. ಅವ್ವನ ಎಡಗೈಯಲ್ಲಿ ಒಂದು ಬೆಳ್ಳಿಯ ಕಡಗವಿತ್ತು. ಅದನ್ನು ಅವಳು ಬಲಗೈಯಿಂದ ಒಂದು ಸುತ್ತು ತಿರುವಿದಳೆಂದರೆ ಮಾತು ಮರೆತಿದ್ದಾಳೆಂದು ನನಗೆ ಗೊತ್ತಾಗುತ್ತಿತ್ತು. ಮೊದಲ ಶಬ್ದ ಕೊಟ್ಟರೆ ಸಾಕು, ಉಳಿದದ್ದು ಹೊಳೆಯ ಹಾಗೆ ಬರುತ್ತಿತ್ತು. ಜನ ಚಪ್ಪಾಳೆ ಹೊಡೆಯುವಾಗ ನಾನು ಕತ್ತಲೆಯಲ್ಲಿ ಹಾಳೆ ಮಗುಚುತ್ತಿದ್ದೆ. ಆ ಚಪ್ಪಾಳೆಯಲ್ಲಿ ಒಂದು ಪಾಲು ನನ್ನದೆಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಅವ್ವನಿಗೆ ವಯಸ್ಸಾಗಿ ಅವಳು ಆಳಂದದ ಮನೆ ಹಿಡಿದ ಮೇಲೆ ಅವಳ ಪಾತ್ರಗಳೆಲ್ಲ ಅಕ್ಕನಿಗೆ ಬಂದವು. ಅಕ್ಕ ಮಾತು ತಪ್ಪುತ್ತಿರಲಿಲ್ಲ. ನನ್ನ ಕಡೆ ಅವಳು ತಿರುಗಿದ್ದೇ ಇಲ್ಲ.

ನಾನು ಹೇಳಬೇಕಾದದ್ದು ಶುರುವಾಗುವುದು ಜೇವರ್ಗಿಯ ಕ್ಯಾಂಪಿನಲ್ಲಿ. ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಹೆದ್ದಾರಿಯ ಪಕ್ಕದಲ್ಲಿ ನಮ್ಮ ತಗಡಿನ ಥಿಯೇಟರ್ ನಿಂತಿತ್ತು. ಹಿಂದಿನ ಕುರ್ಚಿಗಳು ಖಾಲಿ ಇರುತ್ತಿದ್ದವು. ಬಂದವರು ಹಾಸ್ಯದವನ ಎರಡರ್ಥದ ಮಾತಿಗೆ ಸೀಟಿ ಹೊಡೆಯಲು ಬರುತ್ತಿದ್ದರು. ಒಂದು ದಿನ ತಾಲೀಮಿನ ಹೊತ್ತಿಗೆ ಮಾಲೀಕರು ಅಕ್ಕನನ್ನು ಕರೆದರು.

"ಅಕ್ಕೋರೆ, ಇನ್ನ ಮುಂದ ನೀವು ತಾಯಿ ಪಾರ್ಟ್ ಮಾಡ್ರಿ. ಮಂದಿಗಿ ಹೊಸಾ ಮಾರಿ ಬೇಕಂತ್ರಿ."

"ತಾಯಿ ಪಾರ್ಟ್ ಮಾಡ್ತೇನ್ರಿ. ಆದ್ರ ಈ ತಾಯಿಗಿ ಮಾತ ಇಲ್ಲಲ್ರಿ. ಹಾಸ್ಯದಾಂವ ಬೈದಾಗೊಮ್ಮೆ ಸೆರಗು ಮಾರಿಗಿ ಹಚ್ಕೊಂಡು ಒಳಗ ಓಡೂದಷ್ಟ."

"ಅದಕ್ಕ ಮಂದಿ ನಗ್ತಾರ್ರಿ."

"ತಾಯೀನ್ನ ನೋಡಿ ನಗ್ತಾರೋ, ನನ್ನ ನೋಡಿ ನಗ್ತಾರೋ, ಅದೊಂದು ಹೇಳ್ರಿ ಮಾಲಕ್ರ."

ಮಾಲೀಕರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ಅವತ್ತು ಸಂಜೆ ಚಹಾ ಕುಡಿಯಲು ಹೆದ್ದಾರಿಯ ಖಾನಾವಳಿಗೆ ಹೋದೆವು. ಅಲ್ಲಿ ಗೋಡೆಯ ಮೇಲಿನ ಹಲಗೆಯಲ್ಲಿ ಟಿವಿ ಇಟ್ಟಿದ್ದರು. ಲಾರಿಯವರು, ತೊಗರಿ ಮಾರಲು ಬಂದವರು, ಕಚೇರಿಯ ಜವಾನರು ಎಲ್ಲರೂ ಬಾಗಿಲು ತುಂಬ ನಿಂತಿದ್ದರು. ಯಾವುದೋ ಧಾರಾವಾಹಿ. ಒಬ್ಬ ಹೆಂಗಸು ಕಿಟಕಿಯ ಪಕ್ಕ ಕೂತಿದ್ದಳು. ಮಾತಿಲ್ಲ, ಹಾಡಿಲ್ಲ. ನಮ್ಮ ಥಿಯೇಟರಿನಲ್ಲಿ ಕುರ್ಚಿ ಬಡಿಯುವ ಅದೇ ಮಂದಿ ಇಲ್ಲಿ ಉಸಿರು ಬಿಗಿಹಿಡಿದಿದ್ದರು.

"ನೋಡು ತಮ್ಮಾ, ಆಕಿ ಏನೂ ಮಾತಾಡಾಕತ್ತಿಲ್ಲ," ಎಂದಳು ಅಕ್ಕ.

"ಮಾತು ಮರ್ತಿರಬೇಕು," ಎಂದೆ.

ಅಕ್ಕ ಚಹಾ ನೆತ್ತಿಗೇರುವಷ್ಟು ನಕ್ಕಳು. "ನೀ ಪ್ರಾಂಪ್ಟರ್ ಆಗೇ ಸಾಯಾಂವ ನೋಡು," ಎಂದಳು. ಆಮೇಲೆ ಮತ್ತೆ ಟಿವಿಯ ಕಡೆ ತಿರುಗಿ, ಲೋಟದಲ್ಲಿದ್ದ ಚಹಾ ಆರುವವರೆಗೆ ನೋಡುತ್ತ ನಿಂತಳು.

ಆ ಕ್ಯಾಂಪು ಮುಗಿದ ಮೇಲೆ ಅವಳು ಕಂಪನಿ ಬಿಟ್ಟಳು. ಅವಳ ಹಿಂದೆ ನಾನೂ ಬಿಟ್ಟೆ. ಗುಲಬರ್ಗಾದ ಟಿವಿ ಕೇಂದ್ರದಲ್ಲಿ ಅವಳಿಗೆ ಸಣ್ಣ ಸಣ್ಣ ಪಾತ್ರ ಸಿಕ್ಕವು. ತನ್ನ ಕೆಲಸ ಮುಗಿದರೂ ಮನೆಗೆ ಬರುತ್ತಿರಲಿಲ್ಲ. ಕ್ಯಾಮೆರಾ ಹಿಡಿದವರ ಬೆನ್ನ ಹಿಂದೆ, ಎಡಿಟ್ ಮಾಡುವವರ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಂದು ನನಗೆ ಹೇಳುತ್ತಿದ್ದಳು: ಇಲ್ಲಿ ದನಿ ಎಸೆಯಬಾರದು, ಮೈಕು ಬಾಯಿಯ ಹತ್ತಿರವೇ ಇರುತ್ತದೆ. ಇಬ್ಬರು ಮಾತಾಡುವಾಗ ಕ್ಯಾಮೆರಾ ಒಂದೇ ಮಗ್ಗುಲಲ್ಲಿರಬೇಕು, ಅಡ್ಡ ದಾಟಿದರೆ ಇಬ್ಬರೂ ಒಂದೇ ಕಡೆ ನೋಡಿದ ಹಾಗೆ ಕಾಣುತ್ತದೆ. ನಗುವ ಮುಖಕ್ಕಿಂತ ನಗು ನಿಲ್ಲುವ ಮುಖ ದೊಡ್ಡದು. ನನಗೆ ಅರ್ಧ ತಿಳಿಯುತ್ತಿತ್ತು.

ಅಲ್ಲಿನ ಒಬ್ಬ ಅಧಿಕಾರಿ ಅವಳ ಆಸೆ ಕಂಡು, ನೀವೇ ಒಂದು ನಾಟಕ ಹೊರಗಿನಿಂದ ಮಾಡಿಸಿ ತನ್ನಿ, ನೋಡುತ್ತೇವೆ, ಚೆನ್ನಾಗಿದ್ದರೆ ಪ್ರಸಾರ ಮಾಡುತ್ತೇವೆ, ಮುಂದೆ ಧಾರಾವಾಹಿಗೂ ದಾರಿಯಾಗುತ್ತದೆ ಎಂದರು. ನಿರ್ದೇಶನವೂ ಅವಳದೇ, ಖರ್ಚೂ ಅವಳದೇ. ಅವಳ ಕೊರಳಲ್ಲಿದ್ದದ್ದು ಅದಕ್ಕೇ ಹೋಯಿತು. ಇದು ಒಪ್ಪಿಗೆಯಾಗದಿದ್ದರೆ ಮತ್ತೆ ಮಾಲೀಕರ ಮುಂದೆ ನಿಂತು, ಬೈಸಿಕೊಂಡು ಒಳಗೆ ಓಡುವ ತಾಯಿಯ ಪಾತ್ರ ಕೇಳಬೇಕಿತ್ತು. ಅದು ನನಗೂ ಗೊತ್ತಿತ್ತು. ಗೊತ್ತಿತ್ತೆಂದು ಇಲ್ಲಿ ಬರೆದಿಡುತ್ತೇನೆ.

ಕತೆ ಅವಳು ಹೇಳಿದಳು, ನಾನು ಬರೆದೆ. ನಾಟಕದವರ ಜೊತೆ ಓಡಿಹೋದ ಮಗಳೊಬ್ಬಳು ಬಹಳ ವರ್ಷದ ಮೇಲೆ ಹೊಳೆ ದಾಟಿ ಊರಿಗೆ ಬರುತ್ತಾಳೆ. ಮನೆಯವರು ಬಾಗಿಲು ತೆಗೆಯುವುದಿಲ್ಲ. ಕೊನೆಗೆ ಹೊಳೆಯ ಮೆಟ್ಟಿಲ ಮೇಲೆ ಕೂತ ಮುದಿತಾಯಿಯ ಮುಂದೆ ಕೂತು ಕೇಳುತ್ತಾಳೆ: "ಅವ್ವಾ, ನಾ ಯಾರು ಹೇಳು?" ತಾಯಿಯ ಮಾತು ಒಂದೇ: "ನನ್ನ ಮಗಳ ಗುರುತು ನನಗ ಸಿಗೂದಿಲ್ಲೇನ?" ಅಲ್ಲಿಗೆ ನಾಟಕ ಮುಗಿಯುತ್ತದೆ. ಮಗಳ ಪಾತ್ರ ಅಕ್ಕನದೇ. ಇದೇ ಕೊನೆಯ ಪಾತ್ರ, ಇನ್ನು ಕ್ಯಾಮೆರಾದ ಹಿಂದೆಯೇ ಇರುತ್ತೇನೆ ಎಂದಿದ್ದಳು. ತಾಯಿಯ ಪಾತ್ರಕ್ಕೆ ಅವಳು ಅವ್ವನನ್ನೇ ಆರಿಸಿದಳು.

ಅವ್ವನಿಗೆ ಆಗ ಮರೆವು ಬಂದಿತ್ತು. ಪಲ್ಯಕ್ಕೆ ಎರಡು ಸಲ ಉಪ್ಪು ಹಾಕುತ್ತಿದ್ದಳು. ತೀರಿಹೋದ ಅಪ್ಪ ಊಟಕ್ಕೆ ಬಂದನೋ ಎಂದು ಕೇಳುತ್ತಿದ್ದಳು.

"ಅಕ್ಕಾ, ಅವ್ವನ ಕೈಲಿ ಆಗೂದಿಲ್ಲ," ಎಂದೆ.

"ಆಕೀ ಮಾರಿ ನೋಡೀಯೇನು ಈಗ? ಏನೋ ಹುಡುಕಾಕತ್ತಿರ್ತಾಳ ಒಳಗ. ಅದು ನನಗ ಬೇಕು ತಮ್ಮಾ. ಅಂಥಾದ್ದು ಯಾರ ಕಡಿಂದೂ ಮಾಡ್ಸಾಕ ಬರೂದಿಲ್ಲ."

ಹಾಗಾದರೆ ಮಾತು ಯಾಕೆ ಬರೆಸಿದಿ ಎಂದು ಕೇಳಿದೆ.

"ಮಾತು ಇದ್ರ ಹುಡುಕ್ತಾಳ. ಇಲ್ಲಾಂದ್ರ ಸುಮ್ಮ ಕುಂದ್ರತಾಳ."

ದಿನಾ ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುವ ಅವ್ವನ ಮುಂದೆ ಕೂತು ನಾನು ಆ ಮಾತು ಕಲಿಸಿದೆ. "ನನ್ನ" ಎಂದರೆ ಸಾಕು, ಉಳಿದದ್ದು ಬರುತ್ತಿತ್ತು. "ನನ್ನ" ಎನ್ನದಿದ್ದರೆ ಬರುತ್ತಿರಲಿಲ್ಲ. ಅದರಿಂದ ನನಗೆ ಒಳಗೊಳಗೇ ಒಂದು ನಮೂನೆಯ ಸಮಾಧಾನವಾಗುತ್ತಿತ್ತು. ಅದನ್ನೂ ಬರೆದಿಡುತ್ತೇನೆ.

ಸಂಕ್ರಾಂತಿ ಕಳೆದ ಮೇಲೆ ಅಫಜಲಪುರ ತಾಲೂಕಿನ ಮಣ್ಣೂರಿನಲ್ಲಿ ಶೂಟಿಂಗ್ ಇಟ್ಟುಕೊಂಡೆವು. ಭೀಮಾ ನದಿ ಆಗ ಇಳಿದು ತೆಳ್ಳಗೆ ಹರಿಯುತ್ತಿತ್ತು. ಹೈದರಾಬಾದಿನಿಂದ ಬಾಡಿಗೆಯ ಕ್ಯಾಮೆರಾ ಬಂತು. ಅದರಿಂದ ಒಂದು ದಪ್ಪ ಕೇಬಲ್ಲು ಹೊರಟು, ದೊಡ್ಡ ಟೇಪು ಹಾಕುವ ರೆಕಾರ್ಡರಿಗೆ ಸೇರುತ್ತಿತ್ತು. ಬಿಸಿಲನ್ನು ಮುಖಕ್ಕೆ ತಿರುಗಿಸಲು ಥರ್ಮಾಕೋಲಿನ ಹಲಗೆಗಳು. ಪ್ರತಿ ಜಾಗದಲ್ಲೂ ಮೊದಲು ಬಿಳಿಯ ಕಾಗದ ಹಿಡಿದು ಕ್ಯಾಮೆರಾಕ್ಕೆ ಬಿಳಿ ಯಾವುದೆಂದು ತೋರಿಸಬೇಕು. ಕಪ್ಪು ಬಟ್ಟೆ ಮುಚ್ಚಿದ ಸಣ್ಣ ಟಿವಿಯಲ್ಲಿ ಅಕ್ಕ ತಲೆ ಹಾಕಿ ನೋಡುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೇಬಲ್ಲು ದಾಟುತ್ತ ಅವಳು ಓಡಾಡುವುದನ್ನು ಕಂಡು ಊರವರು, "ಈಕಿ ನಾಟಕದಾಕಿ ಹೌದಲ್ಲೋ? ಈಗ ಇಂಜಿನಿಯರ್ ಆಗ್ಯಾಳಲ್ಲೋ!" ಎನ್ನುತ್ತಿದ್ದರು.

ಕ್ಯಾಮೆರಾದವರು ನನ್ನನ್ನು ಕೇಳಿದರು, "ಭಾಯ್, ನಿಮ್ದು ಕಾಮ್ ಏನು?"

"ಪ್ರಾಂಪ್ಟರ್ ಇದ್ದೇನ್ರಿ."

"ಇಲ್ಲಿ ಪ್ರಾಂಪ್ಟರ್ ಇರಲ್ಲ ಭಾಯ್. ಮರೆತ್ರೆ ಕಟ್, ಮತ್ತೆ ತೆಗೆಯೋದು. ನೀವು ಆರಾಮಾಗಿ ಚಾಯ್ ಕುಡೀರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೊದಲ ದಿನವೇ ಸೌಂಡಿನವರು ಕಿವಿಯ ಹೆಡ್‌ಫೋನ್ ತೆಗೆದು, "ಅಕ್ಕೋರೆ, ಯಾರೋ ಮಂತ್ರ ಹೇಳಾಕತ್ತಾರ್ರಿ, ಟೇಪಿನಾಗ ಬರಾಕತ್ತೇದ," ಎಂದರು. ಎಲ್ಲರೂ ಅತ್ತಿತ್ತ ನೋಡಿದರು. ಆ ಮಂತ್ರ ನನ್ನದು. ಕ್ಯಾಮೆರಾ ಓಡುವಾಗ ನನಗೆ ಗೊತ್ತಿಲ್ಲದೆ ನನ್ನ ತುಟಿ ಎಲ್ಲರ ಮಾತನ್ನೂ ಒಂದು ಶಬ್ದ ಮುಂದಾಗಿ ಹೇಳುತ್ತಿತ್ತು. ಅಂದಿನಿಂದ ಅಕ್ಕ ನನ್ನನ್ನು ಟೇಪಿನ ಡಬ್ಬಿಗಳ ಮೇಲೆ ಹೆಸರು ಬರೆಯಲು, ಬ್ಯಾಟರಿ ಹೊರಲು ಹಾಕಿದಳು.

ಕೊನೆಯ ದೃಶ್ಯ ಉಳಿದಿದ್ದ ದಿನ ಬೆಳಿಗ್ಗೆ ಅವಳು ನನ್ನನ್ನು ಪಕ್ಕಕ್ಕೆ ಕರೆದಳು.

"ಇವತ್ತ ಅವ್ವ ಮಾತು ಮರೀತಾಳ. ಮರೀಲಿ. ನೀ ಬಾಯಿ ತಗೀಬ್ಯಾಡ. ನೀ ಇಲ್ಲೇ ಇದ್ರ ಆಕಿ ನಿನ್ನ ಕಡೀನೇ ನೋಡ್ತಾಳ. ಅಫಜಲಪುರಕ್ಕ ಹೋಗಿ ಬ್ಯಾಟರಿ ಚಾರ್ಜ್ ಮಾಡಿಸ್ಕೊಂಡು ಬಾ. ಜಲ್ದಿ ಮಾಡಬ್ಯಾಡ."

ಅವ್ವನಿಗೂ ಹೇಳಿದಳು, "ಅವ್ವಾ, ಇವತ್ತ ಕಡಗಕ್ಕ ಕೈ ಹಚ್ಚಬ್ಯಾಡ. ತಮ್ಮ ಇಲ್ಲಿ ಇರೂದಿಲ್ಲ. ಮಾತು ಬಂದ್ರ ಬರ್ಲಿ, ಇಲ್ಲಾಂದ್ರ ನನ್ನ ಮಾರಿ ನೋಡ್ಕೋತ ಕುಂದ್ರು."

"ನಿನ್ನ ಮಾರಿ ನೋಡೂದೇನು ಕಷ್ಟ ಬೇ," ಎಂದಳು ಅವ್ವ.

ಅಫಜಲಪುರದಲ್ಲಿ ಬ್ಯಾಟರಿ ಹಚ್ಚಿದ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಅಂಗಡಿಯವ, "ಇನ್ನ ಸಂಜೀಕ ಬಂದ್ರೂ ಬಂತು, ಇಲ್ಲಾಂದ್ರ ಇಲ್ರಿ," ಎಂದ. ಮಣ್ಣೂರಿನ ಕಡೆ ಹೊರಟ ಜೀಪೊಂದು ಸಿಕ್ಕಿತು. ಅರ್ಧ ತುಂಬಿದ ಬ್ಯಾಟರಿ ಹೊತ್ತುಕೊಂಡು ಹೊತ್ತಿಗೆ ಮುಂಚೆಯೇ ಬಂದೆ. ಬರದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ತಪ್ಪು ಕರೆಂಟಿನದಲ್ಲ.

ನಾನು ಹೊಳೆಯ ಹತ್ತಿರ ಬಂದಾಗ ಕ್ಯಾಮೆರಾ ಓಡುತ್ತಿತ್ತು. ಸದ್ದು ಮಾಡದೆ ಮೆಟ್ಟಿಲ ಪಕ್ಕದ ಗೋಡೆಗೆ ಒರಗಿ ಕೂತೆ. ಕೂತ ಮೇಲೆ ನೋಡಿದರೆ ಅದು ಸರಿಯಾಗಿ ಸೈಡ್ ವಿಂಗಿನ ಜಾಗ. ಅವ್ವನ ಎಡಗಿವಿ, ಎಡಗೆನ್ನೆ, ಮೊಣಕಾಲ ಮೇಲೆ ಎಡಗೈ, ಅದರಲ್ಲಿ ಕಡಗ. ಅಕ್ಕ ಅವಳ ಎದುರಿಗೆ, ಕ್ಯಾಮೆರಾಕ್ಕೆ ಬೆನ್ನು ಮಾಡಿ, ಒಂದು ಮೆಟ್ಟಿಲು ಕೆಳಗೆ ಕೂತಿದ್ದಳು.

"ಅವ್ವಾ, ನಾ ಯಾರು ಹೇಳು?" ಎಂದಳು.

ಅವ್ವ ಸುಮ್ಮನಿದ್ದಳು. ನೀರಿನ ಸದ್ದು ಕೇಳುತ್ತಿತ್ತು. ಊರವರು ಕೆಮ್ಮಲೂ ಇಲ್ಲ. ಸೌಂಡಿನವರು ಕಣ್ಣು ಮುಚ್ಚಿಕೊಂಡಿದ್ದರು. ಕ್ಯಾಮೆರಾದವರ ಒಂದು ಕೈ ಗಾಳಿಯಲ್ಲೇ ನಿಂತಿತ್ತು, ಯಾರೂ ಅಲುಗಾಡಬೇಡಿ ಎನ್ನುವಂತೆ. ಕಂಪನಿಯಲ್ಲಿ ಇಷ್ಟು ಹೊತ್ತು ಮಾತು ನಿಂತರೆ ನಾಟಕ ಬಿತ್ತು ಎನ್ನುತ್ತಿದ್ದರು. ಇಲ್ಲಿ ಬೀಳುತ್ತಿರಲಿಲ್ಲ. ನಿಂತಿತ್ತು. ಎಲ್ಲರೂ ಅವ್ವನನ್ನೇ ನೋಡುತ್ತಿದ್ದರು. ನನಗೆ ಕಂಡದ್ದು ಒಂದು ಕೆನ್ನೆ ಮಾತ್ರ. ಅವ್ವನ ಬಲಗೈ ಮಡಿಲಲ್ಲಿತ್ತು. ಎಡಗೈ ಅಲುಗಲಿಲ್ಲ.

ನಾನು ಬಾಯಿ ತೆರೆದೆ.

"ನನ್ನ ಮಗಳ ಗುರುತು," ಎಂದೆ.

ಅವ್ವ ಅಕ್ಕನ ಮುಖ ಬಿಟ್ಟು ನನ್ನ ಕಡೆ ತಿರುಗಿದಳು. ಬೆನ್ನು ನೆಟ್ಟಗಾಯಿತು. ಕೈ ಎತ್ತಿ, ಥಿಯೇಟರಿನ ಕೊನೆಯ ಸಾಲಿಗೆ ಮುಟ್ಟುವ ದನಿಯಲ್ಲಿ, "ನನ್ನ ಮಗಳ ಗುರುತು ನನಗ ಸಿಗೂದಿಲ್ಲೇನ!" ಎಂದಳು. ಆ ದನಿ ಹೊಳೆಯ ಆಚೆ ದಂಡೆಗೆ ಹೋಗಿ ತಿರುಗಿ ಬಂತು. ಊರವರು ಚಪ್ಪಾಳೆ ಹೊಡೆದರು. ದಂಡೆಯಲ್ಲಿದ್ದ ಹರಿಗೋಲಿನವನು ನಿಂತಲ್ಲಿಂದಲೇ, "ಒನ್ಸ್ ಮೋರ್!" ಎಂದು ಕೂಗಿದ.

"ಕಟ್" ಎಂದ ಅಕ್ಕನ ದನಿ ನನಗೆ ಕೇಳಿಸಲೇ ಇಲ್ಲ. ಅವಳು ಎದ್ದು ನನ್ನ ಹತ್ತಿರ ಬಂದಾಗಲೇ ಗೊತ್ತಾದದ್ದು.

"ಯಾಕೋ?"

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಕ್ಯಾಮೆರಾದವರೂ ನೋಡುತ್ತಿದ್ದರು.

"ಅವ್ವ ಕಡಗ ತಿರುವಿದ್ಲಕ್ಕಾ," ಎಂದೆ.

ಸುಳ್ಳು ಎಷ್ಟು ಸಲೀಸಾಗಿ ಬಂತು! ನಮ್ಮ ಮನೆಯಲ್ಲಿ ಆ ಮಾತಿಗೆ ಎದುರು ಮಾತಿರಲಿಲ್ಲ. ಕಡಗ ತಿರುವಿದರೆ ಹೇಳಿಕೊಡಬೇಕು, ಅದು ನನ್ನ ಧರ್ಮ. ಅಕ್ಕ ಒಂದು ಉಸಿರು ಬಿಟ್ಟು ಅವ್ವನ ಕಡೆ ತಿರುಗಿದಳು.

"ಅವ್ವಾ, ಒಂದ ಒಂದು ದಿನ ಕಡಗಕ್ಕ ಕೈ ಹಚ್ಚಬ್ಯಾಡಂತ ಹೇಳಿದ್ನಿಲ್ಲ? ನನ್ನ ಮ್ಯಾಲ ಅಷ್ಟೂ ಭರೋಸಾ ಇಲ್ಲೇನು ನಿನಗ?"

ಅವ್ವ ತನ್ನ ಎರಡೂ ಕೈ ನೋಡಿಕೊಂಡಳು. ನೆನಪು ಮಾಡಿಕೊಳ್ಳಲು ನೋಡಿದಳು. ಅವಳಿಗೆ ಯಾವುದೂ ನೆನಪಿರುತ್ತಿರಲಿಲ್ಲವಾದ್ದರಿಂದ, ಇದನ್ನೂ ಒಪ್ಪಿಕೊಂಡಳು.

"ತಿರುವಿರಬೇಕು ಯವ್ವಾ. ಹಳೀ ಚಟ. ಸಿಟ್ಟಾಗಬ್ಯಾಡ." ಹಾಗೆಂದವಳೇ ಕಡಗ ಬಿಚ್ಚಿ ನನ್ನ ಕೈಗೆ ಕೊಟ್ಟಳು. "ಇಟ್ಕೋ ಯಪ್ಪಾ. ಇದು ಇದ್ರ ಕೈ ಸುಮ್ಮ ಇರೂದಿಲ್ಲ."

ಮತ್ತೆ ತೆಗೆದರು. ಈಗ ಅವ್ವನ ಬಲಗೈ ಬರಿದಾದ ಎಡ ಮಣಿಕಟ್ಟನ್ನು ಹುಡುಕುತ್ತಿತ್ತು. ಕಣ್ಣು ನನ್ನ ಗೋಡೆಯ ಕಡೆ ಸರಿಯುತ್ತಿತ್ತು. ನನ್ನನ್ನು ಊರ ಕಡೆ ಕಳಿಸಿದರು. ಆಗ ಅವ್ವ, ಅಕ್ಕ ಪ್ರಶ್ನೆ ಕೇಳಿದ ಕೂಡಲೇ, "ತಮ್ಮ ಎಲ್ಲಿ ಹೋದ ಬೇ?" ಎಂದಳಂತೆ. ಬ್ಯಾಟರಿ ಅರ್ಧವೇ ಇತ್ತು, ತೀರಿತು. ಹೊತ್ತು ಇಳಿಯಿತು. ಕ್ಯಾಮೆರಾದವರಿಗೆ ಮರುದಿನ ಹೈದರಾಬಾದಿನಲ್ಲಿ ಬೇರೆ ಕೆಲಸವಿತ್ತು. ಕೇಬಲ್ಲು ಸುತ್ತುತ್ತ ಅವರು ಅಕ್ಕನಿಗೆ, "ಮೊದಲಿಂದು ಕಮಾಲ್ ಇತ್ತು, ಅಮ್ಮ. ಅದೊಂದು ಉಳೀಬೇಕಿತ್ತು," ಎಂದರು. ನಾನು ಟೇಪಿನ ಡಬ್ಬಿಯ ಮೇಲೆ ಕೊನೆಯ ದೃಶ್ಯ ಎಂದು ದುಂಡಗೆ ಬರೆದೆ.

ಆಳಂದಕ್ಕೆ ಬಂದ ಮೇಲೆ ಕಡಗವನ್ನು ಅವ್ವನಿಗೆ ಹಾಕಲು ಹೋದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡಪಾ. ಶೂಟಿಂಗ್ ಅದ. ಅಕ್ಕ ಬೈತಾಳ."

"ಮುಗೀತವ್ವ ಶೂಟಿಂಗ್."

"ಮುಗೀಲಿ. ಬ್ಯಾಡ."

ಮಾರನೆಯ ದಿನ ಮರೆಯುತ್ತಾಳೆ ಎಂದುಕೊಂಡೆ. ಎಲ್ಲವನ್ನೂ ಮರೆತಳು. ಶೂಟಿಂಗ್ ಮರೆತಳು, ಮಣ್ಣೂರು ಮರೆತಳು, ಬರಬರುತ್ತ ರೊಟ್ಟಿ ಬಡಿಯುವುದನ್ನೇ ಮರೆತಳು. ಇದೊಂದನ್ನು ಮರೆಯಲಿಲ್ಲ. ಎಡಿಟ್ ಮಾಡುವ ಕೋಣೆ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗಿ, ಅಕ್ಕ ನಡುನಡುವೆ ಗುಲಬರ್ಗಾದಿಂದ ಮನೆಗೆ ಬರುತ್ತಿದ್ದಳು. ಅವಳ ಚಪ್ಪಲಿಯ ಸದ್ದು ಕೇಳಿದರೆ ಅವ್ವ ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದಳು.

"ಮುಟ್ಟಿಲ್ಲ ಯವ್ವಾ ನಾ," ಎನ್ನುತ್ತಿದ್ದಳು.

"ಏನು ಮುಟ್ಟಿಲ್ಲಬೇ ಅವ್ವಾ?" ಎಂದು ಅಕ್ಕ ಮೊದಲು ನಕ್ಕಳು. ಆಮೇಲೆ ತಿಳಿದು, ಆ ಕೈಯನ್ನು ಸೆರಗಿನಿಂದ ಹೊರಗೆ ತೆಗೆದು ತನ್ನ ಕೆನ್ನೆಗೆ ಒತ್ತಿಕೊಂಡಳು. "ಬೈಬಾರದಿತ್ತು ತಮ್ಮಾ ನಾ ಅವತ್ತ," ಎಂದಳು. ನಾನು ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದೆ. ಹೇಳಬಹುದಿತ್ತು. ಅಕ್ಕ ನನ್ನ ಮುಖಕ್ಕೆ ಉಗುಳುತ್ತಿದ್ದಳೇನೋ, ಅವ್ವನ ಕೈ ಸೆರಗಿನಿಂದ ಹೊರಗೆ ಬರುತ್ತಿತ್ತು. ನಾನು ಹೇಳಲಿಲ್ಲ. ಒಂದೇ ಸಲವಲ್ಲ, ಅವಳು ಬಂದಾಗಲೆಲ್ಲ ಹೇಳಲಿಲ್ಲ.

ಬೇಸಿಗೆ ಮುಗಿಯುವ ಮೊದಲು ಅವ್ವ ಲಿಂಗೈಕ್ಯಳಾದಳು. ವಿಭೂತಿ ಹಚ್ಚಿ ಕೂಡಿಸಿದಾಗ ಅವಳ ಎಡಗೈ ಬರಿದಾಗಿತ್ತು.

ಅದಾದ ಮೇಲೆ ಹೈದರಾಬಾದಿನಲ್ಲಿ ಎಡಿಟ್ ಕೋಣೆ ಸಿಕ್ಕಿತು. ಯಾವ ಡಬ್ಬಿಯಲ್ಲಿ ಯಾವ ದೃಶ್ಯ ಎಂದು ಹೇಳಲು ನನ್ನನ್ನೂ ಕರೆದುಕೊಂಡು ಹೋದಳು. ತಣ್ಣಗಿನ ಸಣ್ಣ ಕೋಣೆ, ಎರಡು ಮಷೀನು, ಎರಡು ಟಿವಿ. ಒಂದರಲ್ಲಿ ತೆಗೆದದ್ದು ಓಡುತ್ತದೆ, ಬೇಕಾದಷ್ಟನ್ನು ಇನ್ನೊಂದಕ್ಕೆ ಇಳಿಸಿಕೊಳ್ಳುತ್ತಾರೆ. ಎಡಿಟ್ ಮಾಡುವವರ ಕೈಯಲ್ಲಿ ಒಂದು ಗುಂಡಿ. ಅದನ್ನು ಮೆಲ್ಲಗೆ ತಿರುವಿದರೆ ಚಿತ್ರ ಇಷ್ಟಿಷ್ಟೇ ಮುಂದಕ್ಕೆ, ಇಷ್ಟಿಷ್ಟೇ ಹಿಂದಕ್ಕೆ ಹೋಗುತ್ತದೆ. ಮನುಷ್ಯ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಇಷ್ಟೆಲ್ಲ ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ.

ಕೊನೆಯ ದೃಶ್ಯದ ಟೇಪು ಹಾಕಿದರು. ಅವ್ವ ಎದುರಿನಿಂದ ಕಂಡಳು. ಅವಳು ಪಾತ್ರ ಮಾಡುವಾಗಿನ ಮುಖವನ್ನು ನಾನು ಎದುರಿನಿಂದ ಕಂಡದ್ದು ಜನ್ಮದಲ್ಲಿ ಅದೇ ಮೊದಲು. ಅವಳು ಹುಡುಕುತ್ತಿರಲಿಲ್ಲ. ನಾನೂ ಅಕ್ಕನೂ ಹುಡುಕುತ್ತಾಳೆಂದು ಲೆಕ್ಕ ಹಾಕಿದ್ದೆವು. ಅವಳು ಅಕ್ಕನನ್ನು ಸುಮ್ಮನೆ ನೋಡುತ್ತಿದ್ದಳು, ತೊಟ್ಟಿಲಲ್ಲಿ ಮಲಗಿದ ಕೂಸನ್ನು ನೋಡುವ ಹಾಗೆ. ಆಮೇಲೆ ಟಿವಿಯೊಳಗಿಂದ ನನ್ನ ದನಿ ಬಂತು.

"ಹಿಂದ ತಗೋರಿ," ಎಂದಳು ಅಕ್ಕ.

ಗುಂಡಿ ತಿರುವಿದರು. ಮತ್ತೆ ನೋಡಿದಳು. "ಇನ್ನೊಮ್ಮೆ." ಮತ್ತೆ ನೋಡಿದಳು. ಆಮೇಲೆ ಬೆರಳನ್ನು ಗಾಜಿನ ಮೇಲೆ ಇಟ್ಟಳು. ಮುಖದ ಮೇಲಲ್ಲ. ಕೆಳಗೆ, ಮೊಣಕಾಲ ಹತ್ತಿರ.

ಬಲಗೈ ಮಡಿಲಲ್ಲಿ ಹಾಗೇ ಇತ್ತು. ಎಡಗೈ ಹಾಗೇ ಇತ್ತು. ಕಡಗ ಹೊಳೆಯುತ್ತಿತ್ತು. ಮೊದಲಿನಿಂದ ಕೊನೆಯವರೆಗೆ ಅದರ ಹೊಳಪು ಕೂಡ ಜಾಗ ಬದಲಿಸಿರಲಿಲ್ಲ. ಸ್ಟೇಜಿನ ಮೇಲೆ ಯಾವ ಕೈ ಯಾವಾಗ ಎಲ್ಲಿತ್ತೆಂದು ಯಾರೂ ಸಾಕ್ಷಿ ಹೇಳಲಾರರು. ನಾನು ಸುಳ್ಳು ಹೇಳಿದ್ದು ಸ್ಟೇಜಿನ ಲೆಕ್ಕದಲ್ಲಿ. ಕ್ಯಾಮೆರಾ ಕೈಯನ್ನೂ ಇಟ್ಟುಕೊಂಡಿರುತ್ತದೆಂದು ಈ ಪ್ರಾಂಪ್ಟರಿಗೆ ಹೊಳೆದಿರಲಿಲ್ಲ.

ಎಡಿಟ್ ಮಾಡುವವರಿಗೆ ಇದು ಯಾವುದೂ ಗೊತ್ತಿಲ್ಲ. ಅವರು ಇನ್ನೊಂದನ್ನು ಕಂಡಿದ್ದರು. "ಅಮ್ಮ, ಇಲ್ಲಿ ನೋಡಿ. ಆ ದನಿ ಬರೋಕೆ ಮುಂಚೆ ಇವರ ತುಟಿ ಬಿಚ್ಚಿದೆ. ಏನೋ ಹೇಳೋಕೆ ಹೊರಟಿದ್ರು."

ಹೌದು. ತುಟಿ ಬಿಚ್ಚಿತ್ತು. ಒಂದು ಶಬ್ದ ಅಲ್ಲಿ, ಹಲ್ಲಿನ ಹಿಂದೆ, ಬಂದು ನಿಂತಿತ್ತು. ಅದು ನಾನು ಕಲಿಸಿದ ಶಬ್ದವಲ್ಲ. "ನನ್ನ" ಎನ್ನುವ ಬಾಯಿ ಹೇಗಿರುತ್ತದೆಂದು ನನಗೆ ಗೊತ್ತಿದೆ, ಅದು ಹಾಗಿರಲಿಲ್ಲ. ಅಕ್ಕ ಚಿಕ್ಕವಳಿದ್ದಾಗ ಅವ್ವ ಅವಳನ್ನು ಕರೆಯುತ್ತಿದ್ದ ಹೆಸರೊಂದಿತ್ತು. ಅದೇ ಇರಬಹುದು. ಇಲ್ಲದಿರಬಹುದು.

ಅಕ್ಕ ಗಾಜಿನ ಮೇಲಿಂದ ಬೆರಳು ತೆಗೆದಳು. ನನ್ನ ಕಡೆ ತಿರುಗಲಿಲ್ಲ. ಕೊನೆಗೆ, "ಇಲ್ಲೇ ಕತ್ತರಿಸ್ರಿ," ಎಂದಳು.

"ಇಲ್ಲಿ ಅಂದ್ರೆ ತುಟಿ ಬಿಚ್ಚಿದ ಹಾಗೇ ನಿಲ್ಲುತ್ತೆ, ಅಮ್ಮ. ಮುಗಿದ ಹಾಗೆ ಅನ್ಸಲ್ಲ. ಜನ ಕೇಳ್ತಾರೆ."

"ಕೇಳ್ಲಿ."

ಅವಳ ನಾಟಕಕ್ಕೆ ಅದೇ ಕೊನೆಯಾಯಿತು. ಆ ಕೋಣೆಯಲ್ಲಿ ನನ್ನ ಕಣ್ಣ ಮುಂದೆ ಅವಳು ನಿರ್ದೇಶಕಿಯಾದಳು. ನನ್ನ ತಪ್ಪಿಗೆ ಒಂದು ಕೂದಲೆಳೆ ಮುಂಚೆ ಕತ್ತರಿ ಇಟ್ಟು ಆದಳು.

ಅವ್ವನ ಮರೆವು ಊರ ಮುಂದೆ ಬಯಲಾಗಬಾರದೆಂದು ಹೇಳಿಕೊಟ್ಟೆ ಎಂದು ನಾನು ನನಗೇ ಹೇಳಿಕೊಂಡಿದ್ದುಂಟು. ಕೇಳಿದವರು ತಲೆದೂಗುವಂಥ ಮಾತು. ಖರೆ ಅದಲ್ಲ. ಅವ್ವ ನನ್ನ ಕಡೆ ನೋಡದೆ, ನನ್ನ ಒಂದು ಶಬ್ದವೂ ಇಲ್ಲದೆ, ಎಲ್ಲರ ಉಸಿರನ್ನು ಹಿಡಿದು ಕೂತಿದ್ದಳು. ಹಾಗಾದರೆ ಅಷ್ಟು ವರ್ಷ ಕತ್ತಲೆಯಲ್ಲಿ ಕೂತು ನಾನು ಕೊಟ್ಟದ್ದೇನು? ಆ ಗೋಡೆಯ ಪಕ್ಕದಲ್ಲಿ ನನಗೆ ಅನಿಸಿದ್ದು ಇಷ್ಟೇ: ಅವಳಿಗೆ ನಾನು ಬೇಡವಾದೆ. ಅದಕ್ಕೇ ಬಾಯಿ ತೆರೆದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಡಗ ತೆಗೆದು ಅಕ್ಕನ ಮಡಿಲಲ್ಲಿಟ್ಟೆ.

"ಅಕ್ಕಾ, ಅವ್ವ ಅವತ್ತ..."

"ನೋಡೇನಿ. ಸುಮ್ಮ ಕುಂದ್ರು."

ಕಡಗವನ್ನು ತನ್ನ ಎಡಗೈಗೆ ಹಾಕಿಕೊಂಡಳು. ಅವ್ವನಿಗೆ ಒಂದು ಮಾತು ಅಂದವಳು ನನಗೆ ಒಂದೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿದ್ದೆ.

ಟಿವಿ ಕೇಂದ್ರದವರು ನಾಟಕ ಒಪ್ಪಿಕೊಂಡರು. ಪ್ರಸಾರವಾದ ಸಂಜೆ ಆಳಂದದ ನಮ್ಮ ಪಡಸಾಲೆಯಲ್ಲಿ ಓಣಿಯ ಮಂದಿಯೆಲ್ಲ ಸೇರಿದ್ದರು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು, ನಾನು ಅಭ್ಯಾಸದಂತೆ ಟಿವಿಯ ಪಕ್ಕಕ್ಕೆ. ಕೊನೆಯ ದೃಶ್ಯ ಬಂತು. "ಅವ್ವಾ, ನಾ ಯಾರು ಹೇಳು?" ಪಡಸಾಲೆ ಉಸಿರು ಹಿಡಿಯಿತು. ನನ್ನ ದನಿ ಬರುವ ಜಾಗ ನನಗೆ ಗೊತ್ತಿತ್ತು, ಕತ್ತರಿಸಿದ್ದು ಕಂಡಿದ್ದರೂ ಕಾದೆ. ಬರಲಿಲ್ಲ. ತುಟಿ ಬಿಚ್ಚಿತು, ಪರದೆ ಕಪ್ಪಾಯಿತು.

ಪಕ್ಕದ ಮನೆಯ ಮುದುಕಿ, ಅವ್ವನ ಜೊತೆಗಾತಿ, ಕಣ್ಣೊರೆಸಿಕೊಳ್ಳುತ್ತ ಅಕ್ಕನ ಕಡೆ ತಿರುಗಿದಳು.

"ಯವ್ವಾ, ಕಡೀಕ ನಿಮ್ಮವ್ವ ಏನಂದ್ಲಬೇ? ಗುರುತು ಸಿಕ್ತೋ ಇಲ್ಲೋ ಆಕಿಗಿ? ಅದೊಂದು ಕೇಳಲಿಲ್ಲಲ್ಲ!"

ಎಲ್ಲರೂ ಅಕ್ಕನನ್ನು ನೋಡಿದರು. ಕಂಪನಿಯಲ್ಲಿ ಒಂದು ದಿನವೂ ಮಾತು ತಪ್ಪದವಳು ಅವಳು. ತಲೆ ತಗ್ಗಿಸಿದಳು. ಆಮೇಲೆ ಕಣ್ಣೆತ್ತಿ, ಆ ಮಂದಿಯೆಲ್ಲರನ್ನೂ ದಾಟಿ ನನ್ನನ್ನು ನೋಡಿದಳು. ನೋಡುತ್ತಲೇ ಬಲಗೈಯಿಂದ ಎಡಗೈಯ ಕಡಗವನ್ನು ಒಂದು ಸುತ್ತು ತಿರುವಿದಳು.

ಪಡಸಾಲೆ ಕಾಯುತ್ತಿತ್ತು. ನನ್ನ ಬಾಯಿ ತೆರೆದೇ ಇತ್ತು. ಅದರಲ್ಲಿ ಮಾತಿರಲಿಲ್ಲ.